ಲ್ಯುಬೆನ್ ತಾಶೆವ್ ಸತ್ತಿಲ್ಲ

ಉಗುರು ಮುರಿದರೂ ನೆವೆನಾ ಕೆರೆಯುವುದನ್ನು ಬಿಡಲಿಲ್ಲ. ಬಸ್ ನಿಲ್ದಾಣದ ಕಂಬಕ್ಕೆ ಅಂಟಿಸಿದ್ದ ಚೀಟಿ ಅರ್ಧ ಕಿತ್ತುಬಂತು, ಇನ್ನರ್ಧ ಹಟ ಹಿಡಿದು ಅಲ್ಲೇ ಕೂತಿತು. ಕಪ್ಪು ಅಂಚು, ಮೇಲೊಂದು ಶಿಲುಬೆ, ಕೆಳಗೆ ದಪ್ಪಕ್ಷರದಲ್ಲಿ ಹೆಸರು: ಲ್ಯುಬೆನ್ ತಾಶೆವ್, ಅರವತ್ತೆಂಟು ವರ್ಷ. ಅಂತ್ಯಕ್ರಿಯೆ ಶನಿವಾರ ಎರಡು ಗಂಟೆಗೆ, ಊರ ಸ್ಮಶಾನದಲ್ಲಿ.

ಲೋವೆಚ್‌ನಲ್ಲಿ ಯಾರು ಸತ್ತರೂ ಬಾಗಿಲು, ಮರ, ಕಂಬ ಎಲ್ಲದಕ್ಕೂ ಇಂಥ ಚೀಟಿ ಹತ್ತುತ್ತದೆ. ಆದರೆ ಲ್ಯುಬೆನ್ ತಾಶೆವ್ ಸಾಯುವ ಹಾಗಿರಲಿಲ್ಲ. ಅವನು ಎಂ. ವ್ರಾನ್ ಬರೆದ ಹದಿನಾಲ್ಕು ಕಾದಂಬರಿಗಳ ಪತ್ತೇದಾರ.

“ಇದು ಆ ಪ್ಲಾಮೆನ್‌ನದೇ ಕೆಲಸ. ಹೊಟ್ಟೆಕಿಚ್ಚು!” ಎಂದಳು ನೆವೆನಾ.

“ನಮ್ಮ ತಾಶೆವ್‌ಗೆ ನಲವತ್ತಮೂರಲ್ಲವಾ? ಅರವತ್ತೆಂಟು ಎಲ್ಲಿಂದ ಬಂತು?” ಬೋಝಿದಾರ್ ಒದ್ದೆ ಬಟ್ಟೆಯಿಂದ ಕಂಬ ಉಜ್ಜುತ್ತಿದ್ದ. ದನದ ಡಾಕ್ಟರಾಗಿ ನಿವೃತ್ತನಾದವನು, ನಿಧಾನದ ಮನುಷ್ಯ.

“ಹೊಸ ಪುಸ್ತಕದಲ್ಲಿ ಮುದುಕನಾಗಿರ್ತಾನೆ, ಅಣ್ಣ. ಮುದುಕನಾಗಿ ಸಾಯ್ತಾನೆ. ಪ್ಲಾಮೆನ್ ಅಚ್ಚುಕೂಟದಲ್ಲಿ ಕದ್ದು ಓದಿದ್ದಾನೆ. ನೋಡು, ಪುಟದ ಸಂಖ್ಯೆ ಹಾಕಿಲ್ಲ. ಪುಸ್ತಕ ಹೊರಗೆ ಬಂದಿದ್ದರೆ ತಾನೇ ಪುಟ ಗೊತ್ತಾಗೋದು?”

ಬೋಝಿದಾರ್ ಯೋಚಿಸಿದ. ಹೌದೆನಿಸಿತು.

ವ್ರಾನ್ ಅಭಿಮಾನಿಗಳ ಕೂಟದಲ್ಲಿದ್ದವರು ಹನ್ನೊಂದು ಮಂದಿ. ಅವನ ಕಾದಂಬರಿಗಳು ದೆವ್ವದ ಕಥೆಗಳೆಂದು ಔಷಧಿ ಅಂಗಡಿಯ ನೆವೆನಾ, ಅಪ್ಪಟ ಪತ್ತೇದಾರಿ ಎಂದು ಬೋಝಿದಾರ್; ಒಂಬತ್ತು ವರ್ಷದಿಂದ ಈ ಜಗಳ ಮುಗಿದಿಲ್ಲ. ಕೊಲೆಗಾರ ಸಿಕ್ಕಿಬಿದ್ದ ಮೇಲೂ ಗೋಡೆಯೊಳಗಿನ ಸದ್ದು ನಿಲ್ಲದ ಪುಸ್ತಕವನ್ನು ಯಾವ ಕಪಾಟಿನಲ್ಲಿ ಇಡುವುದು ಹೇಳಿ. ಹೊಸ ಕಾದಂಬರಿ ಬಂದಾಗಲೆಲ್ಲ ಅದರಲ್ಲಿ ಸತ್ತವರ ಹೆಸರಿನಲ್ಲಿ ಚೀಟಿ ಮಾಡಿಸಿ, ಸತ್ತ ಪುಟದ ಸಂಖ್ಯೆ ಹಾಕಿ, ಊರಿಗೆಲ್ಲ ಅಂಟಿಸುವುದು ಕೂಟದ ಚಟ. ಮೊದಮೊದಲು ಊರವರು ಬೈದರು. ಆಮೇಲೆ ನಿಂತು ಓದತೊಡಗಿದರು. ಚೀಟಿ ಅಚ್ಚು ಹಾಕಿಕೊಡುತ್ತಿದ್ದ ಪ್ಲಾಮೆನ್ ಕೂಟದವನೇ; ಕಳೆದ ವರ್ಷ, ತನ್ನ ಅಚ್ಚುಕೂಟಕ್ಕೇ ಬಂದಿದ್ದ ಹೊಸ ಪುಸ್ತಕದ ಕೊನೆಯನ್ನು ಅದು ಹೊರಬರುವ ಮೊದಲೇ ಬಾಯಿಬಿಟ್ಟ. ಅವತ್ತೇ ನೆವೆನಾ ಅವನನ್ನು ಹೊರಗೆ ಹಾಕಿದಳು.

ಅದೆಲ್ಲ ಹಾಳಾಗಲಿ. ಇವತ್ತು, ಶನಿವಾರ, ಮೂರು ಗಂಟೆಗೆ ಎಂ. ವ್ರಾನ್ ಬರುವವನಿದ್ದ. ಫೋಟೋ ಕೊಡದ, ಸಭೆಗೆ ಹೋಗದ, ಯಾರ ಕಣ್ಣಿಗೂ ಬೀಳದ ಮನುಷ್ಯ. ಒಂಬತ್ತು ವರ್ಷ ನೆವೆನಾ ಕಾಗದ ಬರೆದು ಗೋಗರೆದ ಮೇಲೆ ಕೊನೆಗೆ ಒಪ್ಪಿದ್ದ. ತನ್ನ ಗುಟ್ಟು ಹೀಗೆ ಮರಮರಕ್ಕೂ ನೇತಾಡುವುದನ್ನು ಕಂಡರೆ ಆ ನಾಚಿಕೆಯ ಪ್ರಾಣಿ ಬಂದ ದಾರಿಯಲ್ಲೇ ವಾಪಸು ಹೋದಾನು.

ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಪ್ಲಾಮೆನ್. ಬೆಳಗಿನಿಂದ ಇದು ಮೂರನೇ ಸಲ. ಅವಳು ಕತ್ತರಿಸಿದಳು.

ನದಿಯ ಮೇಲಿನ ಮಾಡು ಹೊದಿಸಿದ ಸೇತುವೆಯ ಬಾಯಲ್ಲಿ ಕಳ್ಳಿ ಸಿಕ್ಕಿಬಿದ್ದಳು. ಕಪ್ಪು ಬಟ್ಟೆಯ ಮುದುಕಿ, ಕೈಯಲ್ಲಿ ಅಂಟಿನ ಡಬ್ಬಿ, ಕಂಕುಳಲ್ಲಿ ಚೀಟಿಗಳ ಕಟ್ಟು.

“ಅಜ್ಜೀ, ಇದನ್ನೆಲ್ಲ ಪ್ಲಾಮೆನ್ ತಾನೇ ಕೊಟ್ಟಿದ್ದು?”

“ಹೂಂ ಮಗಳೇ, ಅವನೇ ಅಚ್ಚು ಹಾಕಿಕೊಟ್ಟ. ಹೆಸರು ನೋಡಿ ಅತ್ತೇಬಿಟ್ಟ, ಪಾಪ.”

“ಅಳದೆ ಏನು! ನಾಟಕದವನು.”

“ನಿನಗೆ ನಮ್ಮ ಲ್ಯುಬೆನ್ ಗೊತ್ತಾ?” ಮುದುಕಿಯ ಮುಖ ಅರಳಿತು.

“ನನಗಾ? ಅವನ ಮೈಮೇಲಿನ ಮಚ್ಚೆ ಕೂಡ ಗೊತ್ತು. ಕಾಫಿಗೆ ಮೂರು ಚಮಚ ಸಕ್ಕರೆ. ನಾಯಿ ಕಂಡರೆ ರಸ್ತೆ ದಾಟ್ತಾನೆ, ಹೆದರುಪುಕ್ಕಲ.”

“ಸಣ್ಣವನಿದ್ದಾಗಿಂದ ಹಾಗೇ,” ಎಂದು ಮುದುಕಿ ಕಣ್ಣೊರೆಸಿಕೊಂಡಳು. ಇವಳೂ ಎಲ್ಲ ಪುಸ್ತಕ ಓದಿದ್ದಾಳೆ ಎಂದುಕೊಂಡಳು ನೆವೆನಾ. ಬೇರೆ ದಿನವಾಗಿದ್ದರೆ ಕೂರಿಸಿಕೊಂಡು ಸಂಜೆಯವರೆಗೆ ಹರಟುತ್ತಿದ್ದಳು. ಇವತ್ತು ಕೈ ಚಾಚಿ ಕಟ್ಟನ್ನು ಕಿತ್ತುಕೊಂಡಳು.

“ಅಯ್ಯೋ, ಎಲ್ಲಾ ತಗೊಂಡರೆ ಜನ ಹೇಗೆ ಬರ್ತಾರೆ?”

“ಯಾರೂ ಬರಬಾರದು ಅಂತಾನೇ ತಗೊಂಡಿದ್ದು.”

“ನೀನಾದರೂ ಬಾ ಮಗಳೇ. ಎರಡು ಗಂಟೆಗೆ.”

“ನಮಗೆ ಇವತ್ತು ದೊಡ್ಡವರು ಬರೋದಿದೆ ಅಜ್ಜೀ, ಪುರುಸೊತ್ತಿಲ್ಲ. ಮನೆಗೆ ಹೋಗಿ ಮಲಕ್ಕೋ,” ಎಂದು ನೆವೆನಾ ನಡೆದೇಬಿಟ್ಟಳು. ಬೋಝಿದಾರ್ ಎರಡು ಸಲ ತಿರುಗಿ ನೋಡಿದ. ಮುದುಕಿ ಅಂಟಿನ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದಳು.

ಒಂದೂವರೆಗೆಲ್ಲ ಊರು ಸ್ವಚ್ಛವಾಯಿತು. ವಾಚನಾಲಯದಲ್ಲಿ ಕುರ್ಚಿ ಹಾಕಿದರು, ಚೀಸ್ ತುಂಬಿ ಬೇಯಿಸಿದ ಬಿಸಿ ಬಾನಿತ್ಸಾ ತುಂಡು ಮಾಡಿಟ್ಟರು, ಹದಿನಾಲ್ಕೂ ಪುಸ್ತಕ ಸಾಲಾಗಿ ಜೋಡಿಸಿದರು. ಮೂರು ಹೊಡೆಯಿತು. ಮೂರೂಕಾಲಾಯಿತು. ನೆವೆನಾ ಕಿಟಕಿಗೂ ಬಾಗಿಲಿಗೂ ಅಲೆದಳು. ಯಾವುದೋ ಒಂದು ಚೀಟಿ ಉಳಿದುಬಿಟ್ಟಿದೆ, ವ್ರಾನ್ ಅದನ್ನು ನೋಡಿ ಹೊರಟುಹೋಗಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು.

ಬಾಗಿಲು ತೆರೆಯಿತು. ಒಳಗೆ ಬಂದವನು ಪ್ಲಾಮೆನ್. ಬೂಟಿನ ತುಂಬ ಕೆಸರು.

“ಯಾವ ಮುಖ ಇಟ್ಕೊಂಡು ಬಂದೆ? ಊರೆಲ್ಲ ಅಲೆದು ನಿನ್ನ ಚೀಟಿ ಒಂದೂ ಬಿಡದೆ ಕಿತ್ತಿದ್ದೀವಿ, ಗೊತ್ತಾ?” ನೆವೆನಾ ಅಬ್ಬರಿಸಿದಳು.

“ಗೊತ್ತಾಯ್ತು. ಸ್ಮಶಾನದಲ್ಲಿ ಪಾದ್ರಿ, ನಾನು, ಅವರ ಅಕ್ಕ. ಮೂರೇ ಜನ.” ಪ್ಲಾಮೆನ್ ದನಿ ಏರಿಸಲಿಲ್ಲ. “ಮಂಗಳವಾರವೇ ಅಕ್ಕನ ಮನೆಗೆ ಬಂದಿಳಿದಿದ್ದರಂತೆ. ಗುರುವಾರ ಎದೆನೋವು.”

“ಯಾರಿಗೆ?”

“ಎಂ. ವ್ರಾನ್ ಅನ್ನೋದು ಪುಸ್ತಕದ ಮೇಲಷ್ಟೇ ಇದ್ದ ಹೆಸರು, ನೆವೆನಾ. ಅಪ್ಪ ಅಮ್ಮ ಇಟ್ಟ ಹೆಸರನ್ನ ಅವರು ಪತ್ತೇದಾರನಿಗೆ ಕೊಟ್ಟುಬಿಟ್ಟಿದ್ದರು.”