ಬೆರಳಿಟ್ಟ ಜಾಗ

“ಕೊಬ್ಬರಿ ಮಂಡಿ ನಿಮ್ಮೊಬ್ಬರದಾ, ಇಲ್ಲಾ ಪಾಲುದಾರಿಕೆದಾ?” ಅಂತ ಗುಮಾಸ್ತ ಕೇಳಿದ್ದೇ ತಡ, ಪಾಲಾಕ್ಷಯ್ಯ ಎದೆಯುಬ್ಬಿಸಿ, “ನಂದೊಬ್ಬಂದೇ ಸಾರ್. ಗುಬ್ಬೀಲಿ ಯಾರನ್ನ ಬೇಕಾದ್ರೂ ಕೇಳಿ,” ಅಂದುಬಿಟ್ಟ. ದಿವಾಳಿಯೆದ್ದ ಬ್ಯಾಂಕಿನ ತುಮಕೂರು ಶಾಖೆಯಲ್ಲಿ ಠೇವಣಿ ವಿಮೆಯ ಅರ್ಜಿ ತಗೊಳ್ಳುತ್ತಿದ್ದರು. ಗುಮಾಸ್ತ ಬರೆಯೋದು ನಿಲ್ಲಿಸಿದ. “ಹಾಗಾದ್ರೆ ಮಂಡಿ ಖಾತೆ, ನಿಮ್ಮ ಸ್ವಂತ ಖಾತೆ ಎರಡೂ ಸೇರಿ ಐದು ಲಕ್ಷದ ಮೇಲೆ ಬರಲ್ಲ. ಪಾಲುದಾರಿಕೆ ಆಗಿದ್ರೆ ಮಂಡಿಗೇ ಬೇರೆ ಐದು ಲಕ್ಷದವರೆಗೂ ಸಿಗೋದು.”

ಪಾಲಾಕ್ಷಯ್ಯ ಪಕ್ಕದಲ್ಲಿ ಕೂತಿದ್ದ ಹೆಂಡತಿ ಗಿರಿಜಮ್ಮನ ಕಡೆ ನೋಡದೆ, ಫೈಲಿನ ತಳದಿಂದ ಹಳೇ ಛಾಪಾ ಕಾಗದವೊಂದನ್ನು ಎಳೆದ. “ಇವ್ಳೂ ಪಾಲುದಾರ್ಳೇ ಸಾರ್. ಪತ್ರ ಐತೆ.”

ಗಿರಿಜಮ್ಮ ಬಗ್ಗಿ ನೋಡಿದಳು. ಸಹಿ ತನ್ನದೇ. ಹನ್ನೆರಡು ವರ್ಷದ ಕೆಳಗೆ ಮಂಡಿಯಲ್ಲಿ ಕಾಯಿ ಆರಿಸುತ್ತಿದ್ದಾಗ, ಆಡಿಟರ್ ಕೇಳವ್ರೆ ಅಂತ ಗಂಡ ಬೆರಳಿಟ್ಟ ಜಾಗದಲ್ಲಿ ಹಾಕಿಕೊಟ್ಟಿದ್ದು. ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ಒಂದು ಕಾಯಿಯನ್ನೂ ಮಂಡಿಯೊಳಕ್ಕೆ ಬಿಟ್ಟವಳಲ್ಲ. ಈ ಕಾಗದದಲ್ಲಿ ಏನಿದೆ ಅಂತ ಮಾತ್ರ ಅವತ್ತು ಕೇಳಿರಲಿಲ್ಲ.

“ಇಬ್ಬರೂ ಸಹಿ ಹಾಕಿ,” ಅಂತ ಗುಮಾಸ್ತ ಪತ್ರವನ್ನು ತಿರುವಿ ನೋಡಿ ಅರ್ಜಿ ಮುಂದಿಟ್ಟ. ಪಾಲಾಕ್ಷಯ್ಯ ತನ್ನದನ್ನು ಗೀಚಿ, ಹೆಂಡತಿಯ ಕೈಗೆ ಪೆನ್ನು ಕೊಟ್ಟು, ಕೆಳಗಿನ ಗೆರೆಯ ಮೇಲೆ ಬೆರಳಿಟ್ಟ. “ಇಲ್ಲಿ ಹಾಕು.”

ಗಿರಿಜಮ್ಮ ಪೆನ್ನು ಕೆಳಗಿಟ್ಟಳು. ಅರ್ಜಿಯನ್ನು ಪಕ್ಕಕ್ಕೆ ಸರಿಸಿ, ಆ ಹಳೇ ಪತ್ರವನ್ನು ಹತ್ತಿರ ಎಳೆದುಕೊಂಡಳು. “ತಡೀರಿ. ನಂದೆಷ್ಟು ಪಾಲು ಅಂತ ಬರ್ಸಿದ್ದೀರೋ ನೋಡ್ತೀನಿ,” ಅಂದು, ಮೊದಲನೇ ಸಾಲಿನಿಂದ ಓದತೊಡಗಿದಳು.