ಒಂದು ಮುಷ್ಟಿ ಜಾಗ

ನಾನು ಸದ್ದಿಲ್ಲದೆ ರೇಸ್ ಕಾರಿನ ಸೀಟು ಬಿಚ್ಚಿ, ಅದರಲ್ಲಿ ಉಳಿದಿದ್ದ ಕೊನೆಯ ಸ್ಪಂಜನ್ನೂ ಚಾಕುವಿನಿಂದ ಕೆರೆದು ತೆಗೆದೆ. ಎಲ್ಲರ ಹಾಗೆ ಅಪ್ಪನೂ ವಯಸ್ಸಾದಷ್ಟೂ ಉದ್ದವಾಗುತ್ತಿದ್ದರು; ವರ್ಷವರ್ಷವೂ ನಾನು ಅವರ ಸೀಟನ್ನು ತಗ್ಗಿಸುತ್ತಿದ್ದೆ. ಈಗ ಉಳಿದದ್ದು ಬರಿಯ ತಗಡು.

ಅಪ್ಪ ಹೆಲ್ಮೆಟ್ ಹಾಕಿಕೊಂಡು, ಮೈ ಮಡಚಿ ಒಳಗೆ ತೂರಿ ಕೂತರು. "ತಣ್ಣಗಿದೆ ಕಣೇ ಸುಗುಣಾ," ಎಂದು ನಕ್ಕರು.

ತಪಾಸಣೆಗೆ ಪೊನ್ನಪ್ಪನವರು ಬಂದರು. ಹೆಲ್ಮೆಟ್ಟಿಗೂ ಚಾವಣಿಗೂ ನಡುವೆ ಅವರ ಮುಷ್ಟಿ ಹಿಡಿಸಿದರೆ ಮಾತ್ರ ರೇಸಿಗೆ ಬಿಡುತ್ತಾರೆ. ಮುಷ್ಟಿ ಒಳಗೆ ಹೋಗಲಿಲ್ಲ.

"ಇಳೀರಿ ಅಣ್ಣಾ, ಇನ್ನು ಸಾಕು. ತುಂಬಾ ಬೆಳೆದುಬಿಟ್ರಿ."

"ನಾನೊಬ್ನೇನಾ? ಹೋದ ವರ್ಷ ನಿಮ್ಮ ಮುಷ್ಟಿ ಇಷ್ಟು ದಪ್ಪ ಇತ್ತಾ?"

ಸುತ್ತ ನಿಂತವರೆಲ್ಲ ನಕ್ಕರು. ಅಪ್ಪ ಮಾತ್ರ ಸ್ಟೀರಿಂಗಿನಿಂದ ಕೈ ತೆಗೆಯಲಿಲ್ಲ.

ನಾನು ಮುಂದೆ ಬಂದು ಕೈ ಚಾಚಿದೆ.

"ಸಾರ್, ಇದೊಂದ್ಸಲ ನನ್ನ ಮುಷ್ಟಿ ಇಟ್ಟು ನೋಡ್ತೀರಾ?"