ಎಂಟು ಗಂಟೆಯ ದನಿ

“ನನ್ ಮಗ್ಳು ಆಪರೇಸನ್ ಇಲ್ದೆ ಒದ್ದಾಡ್ತಾವ್ಳೆ, ನಿಂಗಿನ್ನೂ ಮಂತ್ರಿ ಕಾಯಿನ್ ಮುಟ್ಟಾಕೆ ಮಡಿ! ನೀನೂ ಒಬ್ಬ ಗಂಡ್ಸೇನ್ಲಾ ಬೋರೇಶ?” ಟೀ ಅಂಗಡಿಯ ಜನರೆದುರೇ ಮಾವ ಉಗಿದ.

ಮಂತ್ರಿಗಳ ಕ್ರಿಪ್ಟೊ ಕಾಯಿನ್‌ಗೆ ಹಾಕಿದ ದುಡ್ಡು ವಾರದಲ್ಲೇ ದುಪ್ಪಟ್ಟಾಗುತ್ತಿತ್ತು. ಕೊಂಡವರ ಬಾಯಲ್ಲಿ ದಿನಾ ಬೆಳಿಗ್ಗೆ ಎಂಟಕ್ಕೆ ಒಂದು ನಿಮಿಷ ಮಂತ್ರಿಗಳೇ ಮಾತಾಡುತ್ತಿದ್ದರು, ಅಷ್ಟೇ. ಜನ ಒಗ್ಗಿಹೋಗಿ, ಎಂಟರೊಳಗೆ ಟೀ ಕುಡಿದು ಲೋಟ ಕೆಳಗಿಡುತ್ತಿದ್ದರು. ತನ್ನ ಕೇರಿಗೆ ಬುಲ್ಡೋಜರ್ ನುಗ್ಗಿಸಿದ ಆ ಮಂತ್ರಿಯ ದನಿ ತನ್ನ ಗಂಟಲಲ್ಲಿ ಬರಕೂಡದೆಂದು ಬೋರೇಶ ಹಟ ಹಿಡಿದಿದ್ದ. ಆದರೆ ಇವತ್ತು ನಸುಕಿನಲ್ಲಿ, ಹೆಂಡತಿಯ ನರಳಾಟ ಕೇಳಲಾರದೆ, ಕಾಯಿನ್ ಕೊಂಡುಬಿಟ್ಟಿದ್ದ.

“ಬಾಯ್ ಬುಡ್ಲಾ!” ಮಾವ ಗದರಿದ.

ಬೋರೇಶ ಗಡಿಯಾರವನ್ನೇ ನೋಡುತ್ತಿದ್ದ. ಎಂಟು ಹೊಡೆಯಿತು.

“ನನ್ನ ನೆಚ್ಚಿನ ಬಂಧುಗಳೇ...” ಮಾವನೂ ಸೇರಿ ಅಂಗಡಿಯವರೆಲ್ಲ ಒಂದೇ ದನಿಯಲ್ಲಿ ಶುರುಮಾಡಿದರು.

ಬೋರೇಶ ಟವಲನ್ನು ಬಾಯಿಗೆ ಗಟ್ಟಿಯಾಗಿ ಒತ್ತಿಕೊಂಡು ಹೊರನಡೆದ.